ಮನೆಯ ಮುಲಾಮು ಮತ್ತು ಬ್ಯಾಕ್ಟೀರಿಯಾದ ಒಂದು ಪ್ರೊಟೀನ್

ನಮ್ಮ ಹೆಚ್ಚಿನ ಮನೆಗಳಲ್ಲಿ ಅರ್ಧ ಖಾಲಿಯಾದ ಒಂದು ಮುಲಾಮಿನ ಟ್ಯೂಬ್ ಇದ್ದೇ ಇರುತ್ತದೆ. ಫ್ರಿಡ್ಜಿನ ಬಾಗಿಲಲ್ಲಿ, ಕನ್ನಡಿಯ ಹಿಂದಿನ ಗೂಡಿನಲ್ಲಿ, ಇಲ್ಲವೇ ಹೊಲಿಗೆ ಡಬ್ಬಿಯಲ್ಲಿ. ಎಂದೋ ಒಮ್ಮೆ ಮಗುವಿನ ಮೊಣಕಾಲಿನ ಹುಣ್ಣಿಗೆಂದು ವೈದ್ಯರು ಬರೆದುಕೊಟ್ಟದ್ದು. ಈಗ ಅದು ಇಡೀ ಮನೆಯ ಆಸ್ತಿ. ಸೊಳ್ಳೆ ಕಚ್ಚಿದರೆ ಅದು, ಬಿಸಿ ಎಣ್ಣೆ ಸಿಡಿದರೆ ಅದು, ಅಜ್ಜಿಯ ಕಾಲಿನ ಕೆರೆತಕ್ಕೂ ಅದು. ಪಕ್ಕದ ಮನೆಯವರು ಕೇಳಿದರೆ ಅವರಿಗೂ ಸ್ವಲ್ಪ.

ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ದೊಡ್ಡದಾಗಿ ಮುದ್ರಿಸಿದ ಕಂಪೆನಿಯ ಹೆಸರನ್ನಲ್ಲ, ಅದರ ಕೆಳಗಿನ ಮದ್ದಿನ ಹೆಸರನ್ನು. ಹಲವು ಟ್ಯೂಬ್‌ಗಳಲ್ಲಿ ಅಲ್ಲಿ ಫ್ಯುಸಿಡಿಕ್ ಆಸಿಡ್, ಶೇಕಡಾ 2 ಎಂದಿರುತ್ತದೆ. ಇದು ಆಂಟಿಬಯೋಟಿಕ್. ಅದೂ ಬ್ಯಾಕ್ಟೀರಿಯಾದೊಳಗಿನ ಸಾವಿರಾರು ಪ್ರೊಟೀನ್‌ಗಳ ಪೈಕಿ ಒಂದೇ ಒಂದನ್ನು ಹುಡುಕಿ ಹಿಡಿಯುವ ಆಂಟಿಬಯೋಟಿಕ್. ಆ ಒಂದು ಪ್ರೊಟೀನ್ ಸ್ವಲ್ಪ ಬದಲಾದರೆ ಮುಲಾಮು ಕೆಲಸಕ್ಕೆ ಬಾರದು. ಇಷ್ಟು ಸಣ್ಣ ಗುರಿ ಇರುವ ಮದ್ದನ್ನು ನಾವು ತೆಂಗಿನೆಣ್ಣೆಯಂತೆ ಬಳಸುತ್ತಿದ್ದೇವೆ ಎಂಬುದೇ ನನ್ನ ತಕರಾರು. ಇದನ್ನು ಅರ್ಥ ಮಾಡಿಕೊಳ್ಳಲು ಬ್ಯಾಕ್ಟೀರಿಯಾ ಹೇಗೆ ಬೆಳೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ವಿಷಯ ಕಠಿಣವೇನಲ್ಲ.

ಬ್ಯಾಕ್ಟೀರಿಯಾಕ್ಕೆ ಬಾಲ್ಯ, ಯೌವನ, ಮದುವೆ ಯಾವುದೂ ಇಲ್ಲ. ತಿನ್ನುತ್ತದೆ, ಉದ್ದವಾಗುತ್ತದೆ, ನಡುವೆ ತುಂಡಾಗಿ ಎರಡಾಗುತ್ತದೆ. ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದ ಒಳ್ಳೆಯ ಪೋಷಣೆಯಲ್ಲಿ 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಆ ಲೆಕ್ಕದಲ್ಲಿ 8 ಗಂಟೆ ಕಳೆದರೆ ಒಂದು ಇದ್ದದ್ದು 1 ಕೋಟಿ 67 ಲಕ್ಷ ದಾಟುತ್ತದೆ. ನಮ್ಮ ಚರ್ಮದ ಮೇಲೆ ಅಷ್ಟು ಸುಖದ ಪರಿಸ್ಥಿತಿ ಇರುವುದಿಲ್ಲ, ನಿಜ. ಆದರೆ ನಿನ್ನೆ ಸಂಜೆ ಕೆಂಪಗಿದ್ದ ಗುಳ್ಳೆ ಇಂದು ಬೆಳಿಗ್ಗೆ ಕೀವು ತುಂಬಿ ನಿಲ್ಲುವುದು ಹೇಗೆಂದು ಈ ಲೆಕ್ಕದಿಂದ ಊಹಿಸಬಹುದು.

ಎರಡಾಗಬೇಕಾದರೆ ಮೊದಲು ಮೈಯ ಸಾಮಾನನ್ನೆಲ್ಲ ಇಮ್ಮಡಿ ಮಾಡಿಕೊಳ್ಳಬೇಕು. ಅಂದರೆ ಪ್ರೊಟೀನ್ ತಯಾರಿಸಬೇಕು, ಬೇಗ ಬೇಗ ತಯಾರಿಸಬೇಕು. ಇದರ ಕಾರ್ಖಾನೆಯ ಹೆಸರು ರೈಬೋಸೋಮ್. ಮಲ್ಲಿಗೆ ಕಟ್ಟುವವರನ್ನು ನೋಡಿದ್ದೀರಲ್ಲ? ಒಂದು ಕೈ ಹೂವು ಕೊಡುತ್ತದೆ, ಇನ್ನೊಂದು ಕೈ ದಾರವನ್ನು ಒಂದು ಗೇಣು ಮುಂದಕ್ಕೆ ಎಳೆಯುತ್ತದೆ, ಮತ್ತೆ ಹೂವು, ಮತ್ತೆ ಎಳೆತ. ರೈಬೋಸೋಮಿನ ಕೆಲಸವೂ ಹೀಗೆಯೇ. ಅಮೈನೋ ಆಮ್ಲ ಎಂಬ ಹೂವನ್ನು ತಂದುಕೊಡುವ ಕೈ ಇಎಫ್-ಟಿಯು ಎಂಬ ಪ್ರೊಟೀನ್. ಒಂದು ಹೆಜ್ಜೆ ಮುಂದಕ್ಕೆ ಎಳೆಯುವ ಕೈ ಇಎಫ್-ಜಿ ಎಂಬ ಪ್ರೊಟೀನ್. ಚುರುಕಾಗಿ ಬೆಳೆಯುವ ಇ. ಕೋಲಿಯಲ್ಲಿ ಒಂದು ಸೆಕೆಂಡಿಗೆ 15ರಿಂದ 20 ಹೂವುಗಳು ಪೋಣಿಸಲ್ಪಡುತ್ತವೆ.

ಈ ಎರಡೂ ಕೈಗಳು ಜಿಟಿಪೇಸ್ ಎಂಬ ಕುಟುಂಬಕ್ಕೆ ಸೇರಿದವು. ಜೀವಕೋಶದಲ್ಲಿ ಜಿಟಿಪಿ ಎಂಬ ಒಂದು ಸಣ್ಣ ಅಣು ಇದೆ, ಒತ್ತಿ ಹಿಡಿದ ಸ್ಪ್ರಿಂಗಿನಂತೆ. ಜಿಟಿಪೇಸ್ ಪ್ರೊಟೀನ್ ಅದನ್ನು ಹಿಡಿದುಕೊಂಡಾಗ ಒಂದು ಆಕಾರದಲ್ಲಿರುತ್ತದೆ, ಅದನ್ನು ಕತ್ತರಿಸಿ ಜಿಡಿಪಿ ಮಾಡಿದಾಗ ಇನ್ನೊಂದು ಆಕಾರಕ್ಕೆ ಬರುತ್ತದೆ. (ಇದು ಪತ್ರಿಕೆಗಳಲ್ಲಿ ಬರುವ ದೇಶದ ಜಿಡಿಪಿ ಅಲ್ಲ!) ಆಕಾರ ಬದಲಾಗುವ ಆ ಕ್ಷಣದಲ್ಲೇ ಕೆಲಸ ನಡೆಯುತ್ತದೆ. ಸ್ವಿಚ್ ಹಾಕಿದಂತೆ, ಆರಿಸಿದಂತೆ. 300 ಹೂವುಗಳ ಒಂದು ಸಾಧಾರಣ ಪ್ರೊಟೀನ್ ಮಾಲೆ ಕಟ್ಟಲು ಈ ಎರಡು ಕೈಗಳೇ ಸುಮಾರು 600 ಜಿಟಿಪಿ ಖರ್ಚು ಮಾಡುತ್ತವೆ. ಬೆಳೆಯುವುದೆಂದರೆ ಬ್ಯಾಕ್ಟೀರಿಯಾಕ್ಕೆ ಅಷ್ಟು ದುಬಾರಿ ವ್ಯವಹಾರ.

ಹಾಗಾಗಿ ಹೊಟ್ಟೆಗೆ ಸಿಗದಾಗ ಅದು ಅಂಗಡಿ ಮುಚ್ಚುತ್ತದೆ. 1969ರಲ್ಲಿ ಮೈಕೇಲ್ ಕ್ಯಾಶೆಲ್ ಮತ್ತು ಜೋನಾಥನ್ ಗ್ಯಾಲಂಟ್ ಎಂಬ ವಿಜ್ಞಾನಿಗಳು ಉಪವಾಸ ಬಿದ್ದ ಇ. ಕೋಲಿಯಲ್ಲಿ ಒಂದು ಹೊಸ ಅಣುವಿನ ಕಲೆಯನ್ನು ಕಂಡರು. ಅದಕ್ಕೆ 'ಮ್ಯಾಜಿಕ್ ಸ್ಪಾಟ್' ಎಂದೇ ಹೆಸರು ಬಿತ್ತು. ಅದು ನೋಡಲು ಜಿಟಿಪಿಯ ತಮ್ಮನಂತಿದ್ದು, ಹಲವು ಜಿಟಿಪೇಸ್‌ಗಳಲ್ಲಿ ಜಿಟಿಪಿಯ ಜಾಗದಲ್ಲಿ ಕುಳಿತು ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಹೀಗೆ ನಿದ್ದೆ ಹೋದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಎಷ್ಟೋ ಆಂಟಿಬಯೋಟಿಕ್‌ಗಳಿಗೆ ಕಷ್ಟ, ಏಕೆಂದರೆ ಅವು ನಡೆಯುತ್ತಿರುವ ಯಂತ್ರವನ್ನು ಕೆಡಿಸುವ ಮದ್ದುಗಳು. ನಿಂತ ಯಂತ್ರವನ್ನು ಏನು ಕೆಡಿಸುವುದು? ವಾಸಿಯಾಯಿತು ಎಂದುಕೊಂಡ ಹುಣ್ಣು ಮತ್ತೆ ತಲೆ ಎತ್ತುವುದಕ್ಕೆ ಇದೂ ಒಂದು ಕಾರಣ.

ಈಗ ಮುಲಾಮಿಗೆ ಬರೋಣ. ಫ್ಯುಸಿಡಿಕ್ ಆಸಿಡ್ ದೊರೆತದ್ದು ಫ್ಯುಸಿಡಿಯಂ ಎಂಬ ಶಿಲೀಂಧ್ರದಿಂದ. ಡೆನ್ಮಾರ್ಕಿನ ಲಿಯೋ ಕಂಪೆನಿಯ ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಲಾಯಿತು, 1962ರಲ್ಲಿ ಬಳಕೆಗೆ ಬಂತು. ಅಂದರೆ ಈ ಮದ್ದಿಗೆ ಅರವತ್ತು ದಾಟಿದೆ. ಅದು ಮಾಡುವ ಕೆಲಸ ನೋಡಿದರೆ ಸರಳ. ದಾರ ಎಳೆಯುವ ಕೈ, ಅಂದರೆ ಇಎಫ್-ಜಿ, ಒಮ್ಮೆ ಎಳೆದ ಮೇಲೆ ಬಿಟ್ಟು ಹೊರಗೆ ಬರಬೇಕು. ಇಲ್ಲದಿದ್ದರೆ ಮುಂದಿನ ಹೂವಿಗೆ ಜಾಗವಿಲ್ಲ. ಫ್ಯುಸಿಡಿಕ್ ಆಸಿಡ್ ಆ ಕೈಯನ್ನು ಅಲ್ಲೇ ಅಂಟಿಸಿಬಿಡುತ್ತದೆ. ಎಳೆದಿದೆ, ಜಿಟಿಪಿ ಕತ್ತರಿಸಿದೆ, ಆದರೆ ಬಿಡಲಾಗುತ್ತಿಲ್ಲ. ಮಾಲೆ ಕಟ್ಟುವುದು ನಿಂತಿತು. ಪ್ರೊಟೀನ್ ಇಲ್ಲದೆ ಬೆಳವಣಿಗೆ ಇಲ್ಲ.

ಗಮನಿಸಿ, ಮುಖ್ಯವಾಗಿ ಬೆಳವಣಿಗೆ ನಿಂತಿತು ಎಂದೆ, ಸತ್ತಿತು ಎನ್ನಲಿಲ್ಲ. ಉಳಿದ ಕೆಲಸ ಮಾಡುವುದು ನಮ್ಮದೇ ರಕ್ತದ ಬಿಳಿಕಣಗಳು. ಆದ್ದರಿಂದಲೇ ದೊಡ್ಡ ಕುರುವಿನ ಮೇಲೆ ಈ ಮುಲಾಮು ಸವರಿ ಕಾಯುವುದರಿಂದ ಪ್ರಯೋಜನ ಕಡಿಮೆ. ಕೀವಿನ ಚೀಲದೊಳಗೆ ಮದ್ದೂ ಸರಿಯಾಗಿ ತಲುಪುವುದಿಲ್ಲ, ಬಿಳಿಕಣಗಳೂ ಅಲ್ಲಿ ಸೋತಿರುತ್ತವೆ. ಅದಕ್ಕೆ ಬೇಕಾದದ್ದು ಬಿಸಿನೀರಿನ ಶಾಖ, ದೊಡ್ಡದಾಗಿದ್ದರೆ ವೈದ್ಯರ ಕೈಯಿಂದ ಕೀವು ತೆಗೆಸುವುದು. ಮನೆಯ ಸೂಜಿಯಿಂದಲ್ಲ, ಹಿಸುಕುವುದಂತೂ ಬೇಡವೇ ಬೇಡ.

ಇದೇ ಉಪಾಯವನ್ನು ನಮ್ಮ ಮೇಲೆ ಪ್ರಯೋಗಿಸುವ ಬ್ಯಾಕ್ಟೀರಿಯಾವೂ ಇದೆ. ಗಂಟಲಮಾರಿ ಎನ್ನುವ ಡಿಫ್ತೀರಿಯಾದ ವಿಷವು ಮನುಷ್ಯನ ಜೀವಕೋಶದೊಳಗೆ ಹೊಕ್ಕು, ಇಎಫ್-ಜಿಗೆ ಸಮನಾದ ನಮ್ಮ ಇಎಫ್-2 ಎಂಬ ಜಿಟಿಪೇಸ್ ಅನ್ನು ಕೆಡಿಸುತ್ತದೆ. ಒಂದು ಜೀವಕೋಶವನ್ನು ಕೊಲ್ಲಲು ಆ ವಿಷದ ಒಂದೇ ಅಣು ಸಾಕು. ಗಂಟಲಿನಲ್ಲಿ ಬಿಳಿ ಪೊರೆ ಕಟ್ಟಿ ಮಗು ಉಸಿರಿಗೆ ಒದ್ದಾಡುವುದು, ಹೃದಯ ಕೆಡುವುದು ಇದರಿಂದ. ಮೊದಲ ಮೂರು ಡೋಸ್ ಹಾಕಿಸಿ, ಒಂದೂವರೆ ವರ್ಷದ ಮತ್ತು 5 ವರ್ಷದ ಬೂಸ್ಟರ್ ಮರೆಯುವ ಮನೆಗಳು ಕಡಿಮೆಯಿಲ್ಲ. 10 ಮತ್ತು 16ನೇ ವಯಸ್ಸಿನ ಟಿಡಿ ಲಸಿಕೆ ಎಂಬುದೊಂದು ಇದೆ ಎಂದೇ ಹಲವರಿಗೆ ತಿಳಿದಿಲ್ಲ. ಇದು ಬೇರೆಯೇ ಲೇಖನದ ವಿಷಯ, ಆದರೂ ಇಲ್ಲಿ ಹೇಳದಿರಲು ಮನಸ್ಸಾಗಲಿಲ್ಲ.

ಮುಲಾಮಿನ ಕಥೆಯಲ್ಲಿ ತೊಂದರೆ ಎಲ್ಲಿದೆ? ಇಎಫ್-ಜಿ ಪ್ರೊಟೀನಿಗೆ ನಕ್ಷೆ ಕೊಡುವ ವಂಶವಾಹಿಯಲ್ಲಿ ಒಂದೇ ಅಕ್ಷರ ತಪ್ಪಾಗಿ ನಕಲಾದರೂ ಸಾಕಾಗುತ್ತದೆ. ಪ್ರೊಟೀನಿನ ಒಂದು ಮಣಿ ಬದಲಾಗುತ್ತದೆ, ಮದ್ದು ಅಂಟಲು ಜಾಗ ಸಿಗುವುದಿಲ್ಲ, ಕೈ ಮೊದಲಿನಂತೆ ಎಳೆದು ಬಿಡುತ್ತದೆ. ಇಂಥ ತಪ್ಪು ಬಹಳ ಅಪರೂಪ, ಕೋಟಿಗೊಂದರ ಆಸುಪಾಸಿನಲ್ಲಿ. ಆದರೆ ಕೋಟಿ ಎಂಬುದು ಬ್ಯಾಕ್ಟೀರಿಯಾಕ್ಕೆ ದೊಡ್ಡ ಸಂಖ್ಯೆಯಲ್ಲ, ಒಂದು ಕೀವುಗುಳ್ಳೆಯಲ್ಲೇ ಅಷ್ಟಿರಬಹುದು. ನೀವು ಮುಲಾಮು ಹಚ್ಚಿದಾಗ ಉಳಿದವು ನಿಲ್ಲುತ್ತವೆ, ಆ ಒಂದಕ್ಕೆ ಮಾತ್ರ ಊರೆಲ್ಲ ಖಾಲಿ. ಇದಲ್ಲದೆ ಇನ್ನೊಂದು ದಾರಿಯೂ ಇದೆ. ಕೆಲವು ಸ್ಟ್ಯಾಫಿಲೋಕಾಕಸ್‌ಗಳು ಫಸ್-ಬಿ, ಫಸ್-ಸಿ ಎಂಬ ಬೇರೆ ಪ್ರೊಟೀನ್‌ಗಳನ್ನು ಇಟ್ಟುಕೊಂಡಿವೆ. ಇವು ಅಂಟಿಕೊಂಡ ಕೈಯನ್ನು ರೈಬೋಸೋಮಿನಿಂದ ಬಿಡಿಸಿಕೊಡುತ್ತವೆ. ಈ ವಿದ್ಯೆಯನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಲೂ ಬಲ್ಲದು.

ಇದು ಬರೀ ಪುಸ್ತಕದ ಹೆದರಿಕೆಯಲ್ಲ. 2000ದ ನಂತರದ ವರ್ಷಗಳಲ್ಲಿ ನಾರ್ವೆ, ಸ್ವೀಡನ್‌ಗಳಲ್ಲಿ ಮಕ್ಕಳ ಮುಖದ ಮೇಲೆ ಜೇನು ಬಣ್ಣದ ಹೆಕ್ಕಳೆ ಕಟ್ಟುವ ಇಂಪೆಟೈಗೊ ರೋಗವನ್ನು ತರುವ, ಫ್ಯುಸಿಡಿಕ್ ಆಸಿಡ್‌ಗೆ ಬಗ್ಗದ ಒಂದೇ ತಳಿ ವ್ಯಾಪಕವಾಗಿ ಹರಡಿತು. ನ್ಯೂಜಿಲೆಂಡಿನಲ್ಲಿ ಈ ಮುಲಾಮಿನ ಬಳಕೆ ಏರಿದ ವರ್ಷಗಳಲ್ಲೇ ಅದಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್‌ಗಳೂ ಏರಿದವು. ಕೊನೆಗೆ ಅಲ್ಲಿನ ವೈದ್ಯರಿಗೇ, ಸಣ್ಣ ಸೋಂಕಾದರೆ ಮೊದಲು ತೊಳೆದು ಮುಚ್ಚಿ, ಆಂಟಿಬಯೋಟಿಕ್ ಮುಲಾಮಿಗೆ ಕೈ ಹಾಕಬೇಡಿ ಎಂದು ಬುದ್ಧಿ ಹೇಳಬೇಕಾಯಿತು. ಇಂಗ್ಲೆಂಡಿನ ಚಿಕಿತ್ಸಾ ಮಾರ್ಗಸೂಚಿ 2020ರಲ್ಲಿ, ಒಂದೆರಡು ಕಡೆ ಮಾತ್ರ ಇರುವ ಸಾಮಾನ್ಯ ಇಂಪೆಟೈಗೊಗೆ ಮೊದಲ ಆಯ್ಕೆಯಾಗಿ ಶೇಕಡಾ 1ರ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮನ್ನು ಸೂಚಿಸಿತು. ನಮ್ಮ ಅಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುವ, ನೊರೆ ಬರುವ ದ್ರಾವಣ ಅದಲ್ಲ. ಓದಿದ ಕೂಡಲೇ ಮಗುವಿನ ಮುಖಕ್ಕೆ ಅದನ್ನು ಸುರಿಯಬೇಡಿ.

ಒಂದು ಮುಲಾಮು ಹೋದರೆ ಇನ್ನೊಂದು ಬರುತ್ತದೆ ಎಂದು ಯಾರಾದರೂ ಹೇಳಬಹುದು. ಆದರೆ ಫ್ಯುಸಿಡಿಕ್ ಆಸಿಡ್ ಕೇವಲ ಮುಲಾಮಲ್ಲ. ಹಲವು ದೇಶಗಳಲ್ಲಿ ಮೂಳೆ ಮತ್ತು ಕೀಲಿನ ಹಟಮಾರಿ ಸೋಂಕಿಗೆ, ಬೇರೆ ಮದ್ದುಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್‌ಗೆ, ಅದನ್ನು ಇನ್ನೊಂದು ಆಂಟಿಬಯೋಟಿಕ್ ಜೊತೆ ಹೊಟ್ಟೆಗೂ ಕೊಡುತ್ತಾರೆ. ಜೊತೆ ಮದ್ದು ಬೇಕಾಗುವುದೂ ನಾನು ಮೇಲೆ ಹೇಳಿದ ಆ ಒಂದು ಅಕ್ಷರದ ಭಯದಿಂದಲೇ. ಸೊಳ್ಳೆ ಕಡಿತಕ್ಕೆ ಸವರಿ ಸವರಿ ನಾವು ಮೊಂಡು ಮಾಡುತ್ತಿರುವ ಕತ್ತಿ, ಯಾರದೋ ಕಾಲು ಉಳಿಸಬೇಕಾದ ಕತ್ತಿ. ಮೂವರಲ್ಲಿ ಸುಮಾರು ಒಬ್ಬರ ಮೂಗಿನೊಳಗೆ ಈ ಸ್ಟ್ಯಾಫಿಲೋಕಾಕಸ್ ಆರಿಯಸ್ ಯಾವ ಉಪದ್ರವವನ್ನೂ ಕೊಡದೆ ವಾಸವಾಗಿರುತ್ತದೆ. ಅಲ್ಲಿ ಮೊಂಡುತನ ಕಲಿತರೆ ಮನೆಯವರಿಗೆಲ್ಲ ಹಂಚುತ್ತದೆ.

ಮುಲಾಮಿನಲ್ಲಿ ಸ್ಟೀರಾಯ್ಡ್ ಕೂಡ ಬೆರೆತಿದ್ದರೆ ವಿಷಯ ಇನ್ನೂ ಕೆಡುತ್ತದೆ. ಫ್ಯುಸಿಡಿಕ್ ಆಸಿಡ್ ಪಕ್ಕದಲ್ಲಿ ಬೀಟಾಮೆಥಸೋನ್ ಎಂಬ ಹೆಸರಿದೆಯೇ ನೋಡಿ. ಕೀವು ಸೇರಿದ ಇಸುಬಿಗೆ ಕೆಲವು ದಿನದ ಮಟ್ಟಿಗೆ ವೈದ್ಯರು ಇದನ್ನು ಬರೆಯುವುದುಂಟು, ಅದರಲ್ಲಿ ತಪ್ಪಿಲ್ಲ. ಆದರೆ ಈ ಟ್ಯೂಬ್ ಮನೆಯ ಎಲ್ಲರ ಕೈಗೆ ಬೀಳುವುದು ಅದರ ಮೋಡಿಯಿಂದ: ಹಚ್ಚಿದ ರಾತ್ರಿಯೇ ತುರಿಕೆ ಮಾಯ. ತೊಡೆ ಸಂದಿಯ ತುರಿಕೆಗೆ, ಸೊಂಟದ ಪಟ್ಟಿ ತಾಗುವಲ್ಲಿಯ ಕೆಂಪು ಬಳೆಗೆ ನಾಚಿಕೆಯಿಂದ ವೈದ್ಯರ ಬಳಿ ಹೋಗದ ಹೆಣ್ಣುಮಕ್ಕಳು, ಗಂಡಸರು ತಿಂಗಳುಗಟ್ಟಲೆ ಇದನ್ನೇ ಹಚ್ಚುತ್ತಾರೆ. ಅದು ಬಹುಮಟ್ಟಿಗೆ ಗಜಕರ್ಣ, ಅಂದರೆ ಶಿಲೀಂಧ್ರದ ಸೋಂಕು. ಶಿಲೀಂಧ್ರದಿಂದಲೇ ಬಂದ ಫ್ಯುಸಿಡಿಕ್ ಆಸಿಡ್ ಗಜಕರ್ಣಕ್ಕೆ ಏನೂ ಮಾಡದು. ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ಮಲಗಿಸಿ, ತುರಿಕೆ ಅಡಗಿಸಿ, ಒಳಗೊಳಗೇ ಬಳೆಯನ್ನು ಅಗಲ ಮಾಡುತ್ತದೆ. ಚರ್ಮ ತೆಳುವಾಗುತ್ತದೆ, ಬಿಳಿ ಗೆರೆಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಲೇಪನಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದಿತು. ಅಂಗಡಿಯ ಕಟ್ಟೆಯಲ್ಲಿ ನಿಂತು 'ತುರಿಕೆಗೆ ಏನಾದರೂ ಕೊಡಿ' ಎಂದು ಕೇಳಿದರೆ ಏನು ಸಿಗುತ್ತದೆ ಎಂಬುದು ನಿಮಗೇ ಗೊತ್ತು. ಕಾನೂನನ್ನು ಅಂಗಡಿಯವರು ಮಾತ್ರ ಮುರಿಯುತ್ತಿಲ್ಲ, ಕೇಳುವವರೂ ಸೇರಿಯೇ ಮುರಿಯುತ್ತಿದ್ದೇವೆ.

ಇಷ್ಟು ಓದಿದ ಮೇಲೆ ಕೆಲವರು, ಇಂಗ್ಲಿಷ್ ಮದ್ದೇ ಬೇಡ, ಅರಿಶಿನ ಸಾಕು ಎನ್ನುತ್ತಾರೆ. ಈ ಮಾತಿನ ಹಿಂದೆ ನಿಜವಾದ ವಿಜ್ಞಾನದ ಎಳೆಯೊಂದಿದೆ, ಅದೂ ಜಿಟಿಪೇಸ್‌ನದ್ದೇ. ಬ್ಯಾಕ್ಟೀರಿಯಾ ನಡುವೆ ತುಂಡಾಗುತ್ತದೆ ಎಂದೆನಲ್ಲ, ಆ ತುಂಡಾಗುವ ಜಾಗದಲ್ಲಿ ಮೊದಲು ಒಂದು ಉಂಗುರ ಕಟ್ಟಿಕೊಳ್ಳುತ್ತದೆ. ಎಫ್‌ಟಿಎಸ್-ಝಡ್ ಎಂಬ ಪ್ರೊಟೀನಿನ ಉಂಗುರ. ಆ ಪ್ರೊಟೀನ್ ಕೆಟ್ಟ ಇ. ಕೋಲಿಯನ್ನು ಸ್ವಲ್ಪ ಬಿಸಿಯಲ್ಲಿ ಬೆಳೆಸಿದರೆ ಅದು ತುಂಡಾಗಲು ತಿಳಿಯದೆ ದಾರದಂತೆ ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ. 1991ರಲ್ಲಿ ಅಮೆರಿಕದಲ್ಲಿ ಎರ್ಫೇ ಬಿ ಮತ್ತು ಜೋ ಲಟ್ಕೆನ್‌ಹೌಸ್ ಈ ಉಂಗುರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮರುವರ್ಷವೇ ಅದು ಜಿಟಿಪೇಸ್ ಎಂದು ತಿಳಿಯಿತು. ಉಂಗುರದ ಎಳೆಗಳು ಒಂದು ತುದಿಯಲ್ಲಿ ಸೇರುತ್ತ, ಇನ್ನೊಂದು ತುದಿಯಲ್ಲಿ ಜಿಟಿಪಿ ಖರ್ಚಾಗಿ ಉದುರುತ್ತ, ಸುತ್ತುತ್ತ ಹೋಗುತ್ತವೆ. ಹೊಸ ಗೋಡೆ ಕಟ್ಟುವ ಕೆಲಸ ಅವುಗಳ ಹಿಂದೆಯೇ ನಡೆಯುತ್ತದೆ ಎಂದು 2017ರಲ್ಲಿ ಕಂಡುಬಂತು.

2008ರಲ್ಲಿ ಐಐಟಿ ಬಾಂಬೆಯ ಸಂಶೋಧಕರು ಅರಿಶಿನದ ಕರ್ಕ್ಯುಮಿನ್ ಈ ಉಂಗುರ ಕಟ್ಟುವುದನ್ನು ತಡೆಯುತ್ತದೆ, ಎಫ್‌ಟಿಎಸ್-ಝಡ್ ತನ್ನ ಜಿಟಿಪಿಯನ್ನು ಬೇಗ ಬೇಗ ಸುಟ್ಟುಕೊಳ್ಳುವಂತೆ ಮಾಡುತ್ತದೆ ಎಂದು ಪ್ರಕಟಿಸಿದರು. ಚೊಕ್ಕ ಕೆಲಸ, ನಮ್ಮ ದೇಶದ್ದು ಎಂಬ ಸಂತೋಷವೂ ಇದೆ. ಆದರೆ ಅದು ಶುದ್ಧಗೊಳಿಸಿದ ಕರ್ಕ್ಯುಮಿನ್, ಪ್ರನಾಳದಲ್ಲಿನ ಪ್ರೊಟೀನ್ ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ. ನಮ್ಮ ಅಡುಗೆಮನೆಯ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಕೆಲವೇ ಪಾಲು. ಅದು ನೀರಿನಲ್ಲಿ ಕರಗದು, ತಿಂದರೆ ರಕ್ತಕ್ಕೆ ಸೇರುವುದು ಅತ್ಯಲ್ಪ, ಬೇಗ ಒಡೆದುಹೋಗುತ್ತದೆ. ತೆರೆದ ಗಾಯಕ್ಕೆ ಡಬ್ಬಿಯ ಅರಿಶಿನ ತುಂಬುವುದೆಂದರೆ ಅದರ ಜೊತೆಗಿರುವ ಧೂಳನ್ನೂ ತುಂಬಿದಂತೆ. ಸಾರಿಗೆ ಹಾಕಿ, ಹಾಲಿಗೆ ಹಾಕಿ, ಯಾರ ಆಕ್ಷೇಪವೂ ಇಲ್ಲ. ಮೊಬೈಲಿಗೆ ಬರುವ 'ವಿಜ್ಞಾನಿಗಳೇ ಒಪ್ಪಿದ್ದಾರೆ' ಎಂಬ ಸಂದೇಶದಲ್ಲಿ ಯಾವುದನ್ನು ಒಪ್ಪಿದ್ದಾರೆ ಎಂಬ ಅರ್ಧ ಯಾವಾಗಲೂ ಬಿಟ್ಟುಹೋಗಿರುತ್ತದೆ. ಎಫ್‌ಟಿಎಸ್-ಝಡ್ ಉಂಗುರವನ್ನು ಕೆಡಿಸುವ ಮದ್ದಿಗಾಗಿ ಹಲವು ದೇಶಗಳು ಹುಡುಕುತ್ತಿವೆ, ಅಂಗಡಿಗೆ ಬಂದದ್ದು ಒಂದೂ ಇಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ತರಚು ಗಾಯಕ್ಕೆ ಹರಿಯುವ ಶುದ್ಧ ನೀರು, ಸೋಪು, ಒಣಗಿದ ಶುಭ್ರ ಬಟ್ಟೆ. ಹೆಚ್ಚಿನ ಸಲ ಇಷ್ಟರಿಂದಲೇ ಮುಗಿಯುತ್ತದೆ. ಹತ್ತು ಜನರಿರುವ ಮನೆಯಲ್ಲಿ, ಮಕ್ಕಳ ಹಾಸ್ಟೆಲಿನಲ್ಲಿ, ಕೀವುಗುಳ್ಳೆ ಒಬ್ಬರಿಂದ ಒಬ್ಬರಿಗೆ ದಾಟುವುದು ಹೆಚ್ಚಾಗಿ ಟವೆಲ್, ದಿಂಬಿನ ಚೀಲ, ಉಗುರುಗಳ ಮೂಲಕ. ಹುಣ್ಣಿರುವ ಮಗುವಿಗೆ ಬೇರೆ ಟವೆಲ್ ಕೊಡಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಉಗುರು ಕತ್ತರಿಸಿ. ವೈದ್ಯರು ಮುಲಾಮು ಬರೆದರೆ ಎಷ್ಟು ದಿನ ಎಂದು ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ 5ರಿಂದ 7 ದಿನ. ಮೊದಲು ಕೈ ತೊಳೆದು, ಹೆಕ್ಕಳೆಯನ್ನು ನೀರಿನಿಂದ ಮೆದುಮಾಡಿ ತೆಗೆದು, ತೆಳುವಾಗಿ ಹಚ್ಚಿ, ಮತ್ತೆ ಕೈ ತೊಳೆಯಿರಿ. ದಿನ ಮುಗಿದ ಮೇಲೆ ಉಳಿದದ್ದನ್ನು ಕೂಡಿಡಬೇಡಿ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಹೊಟ್ಟೆ ಉರಿಯುತ್ತದೆ, ಗೊತ್ತು; ಚಿಕ್ಕ ಟ್ಯೂಬನ್ನೇ ಕೇಳಿ ತನ್ನಿ.

ಹುಣ್ಣು ಬೇಗನೆ ಹಬ್ಬುತ್ತಿದ್ದರೆ, ಜ್ವರ ಬಂದರೆ, ಸುತ್ತ ಕೆಂಪಾಗಿ ಊದಿ ನೋಯುತ್ತಿದ್ದರೆ ಮುಲಾಮಿನ ಮಾತೇ ಬೇಡ, ವೈದ್ಯರಲ್ಲಿಗೆ ಹೋಗಿ. ಮಧುಮೇಹಿಗಳ ಕಾಲಿನ ಹುಣ್ಣು ಎಷ್ಟೇ ಚಿಕ್ಕದಾದರೂ ಅಷ್ಟೇ. ಮಕ್ಕಳಲ್ಲಿ ಚರ್ಮದ ಕೀವುಗುಳ್ಳೆ ವಾಸಿಯಾದ ಕೆಲವು ವಾರಗಳ ನಂತರ ಮುಖ ಊದಿಕೊಂಡರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ. ಸ್ಟ್ರೆಪ್ಟೋಕಾಕಸ್‌ನಿಂದ ಬಂದ ಹುಣ್ಣಿನ ಬಳಿಕ ಮೂತ್ರಪಿಂಡಕ್ಕೆ ಬಾವು ಬರುವುದುಂಟು.

ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಏಳುತ್ತಿದ್ದರೆ ಇನ್ನೊಂದು ಟ್ಯೂಬ್ ತರುವ ಬದಲು, ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಬಹುದೇ ಎಂದು ವೈದ್ಯರನ್ನು ಕೇಳಿ. ಎರಡು ಮೂರು ದಿನದಲ್ಲಿ ವರದಿ ಬರುತ್ತದೆ. ಅದರಲ್ಲಿ ಮದ್ದುಗಳ ಹೆಸರಿನ ಸಾಲು, ಪ್ರತಿಯೊಂದರ ಎದುರು ಒಂದು ಅಕ್ಷರ ಇರುತ್ತದೆ. 'ಎಸ್' ಎಂದಿದ್ದರೆ ಆ ಮದ್ದಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, 'ಆರ್' ಎಂದಿದ್ದರೆ ಬಗ್ಗುವುದಿಲ್ಲ. ಫ್ಯುಸಿಡಿಕ್ ಆಸಿಡ್ ಆ ಪಟ್ಟಿಯಲ್ಲಿದ್ದು ಎದುರಿಗೆ 'ಆರ್' ಎಂದಿದ್ದರೆ, ಫ್ರಿಡ್ಜಿನ ಬಾಗಿಲಿನ ಟ್ಯೂಬನ್ನು ಅಂದೇ ಕಸಕ್ಕೆ ಹಾಕಿ.